ಉಳ್ಳಾಲ, ಸೋಮೇಶ್ವರದ ಕಡಲಂಚಿನ ಫ್ಲ್ಯಾಟ್‌ಗಳು: ಒಳಗೆ ಚೆಂದ, ನೀರಿನ ಲೆಕ್ಕದಲ್ಲಿ ಸೋಲು

ಮಂಗಳೂರಿನ ಪಕ್ಕದ ಉಳ್ಳಾಲ, ಸೋಮೇಶ್ವರ, ಕುಂಪಲ, ತೊಕ್ಕೊಟ್ಟು ಸುತ್ತಮುತ್ತ ಬಹುಮಹಡಿ ಫ್ಲ್ಯಾಟ್‌ಗಳು ಎದ್ದ ಹಾಗೆ, ಬಾವಿ ಕೆಡುತ್ತದೆ, ಅಂಗಳದಲ್ಲಿ ನೀರು ನಿಲ್ಲುತ್ತದೆ ಎಂಬ ಊರವರ ಆಕ್ಷೇಪವೂ ಬೆಳೆದಿದೆ. ಒಂದು ಕಟ್ಟಡವನ್ನೋ ಒಬ್ಬ ಬಿಲ್ಡರನ್ನೋ ಹಿಡಿದು ದೂರುವ ಬರಹ ಇದಲ್ಲ. ಇಲ್ಲಿ ಮಾರಾಟಕ್ಕಿರುವ ‘ಕಡಲ ಬದಿಯ ಫ್ಲ್ಯಾಟ್’ ಎಂಬ ಸರಕು ಕೊಟ್ಟ ದುಡ್ಡಿಗೆ ತಕ್ಕದ್ದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಬಾಗಿಲ ಒಳಗೆ ನೋಡಿದರೆ ಹೆಚ್ಚಿನವು ಚೆನ್ನಾಗಿವೆ. ನೀರು, ತೋಡು (ಮಳೆನೀರು ಹರಿಯುವ ಕಾಲುವೆ), ಕೊಳಚೆ ಎಂದು ಕಾಂಪೌಂಡಿನ ಆಚೆ ನೋಡಿದರೆ ಹೆಚ್ಚಿನವು ಸೋಲುತ್ತವೆ.

ಒಳ್ಳೆಯದನ್ನು ಮೊದಲು ಹೇಳಿಬಿಡೋಣ. ಸಂಜೆಯ ಗಾಳಿ ನಿಜಕ್ಕೂ ಸಿಗುತ್ತದೆ. ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಹತ್ತಿರ ಇರುವುದರಿಂದ ಬಾಡಿಗೆಗೆ ಜನ ಸಿಗುತ್ತಾರೆ. ರಾಷ್ಟ್ರೀಯ ಹೆದ್ದಾರಿ 66 ಪಕ್ಕದಲ್ಲೇ ಇದೆ, ಆದರೆ ಬೆಳಿಗ್ಗೆ ಮಂಗಳೂರಿಗೆ ಹೊರಟವರು ತೊಕ್ಕೊಟ್ಟು ಮತ್ತು ನೇತ್ರಾವತಿ ಸೇತುವೆಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಈಗ ನೀರು. 50 ಸೆಂಟ್ಸ್ ಜಾಗ ಎಂದರೆ 21,780 ಚದರ ಅಡಿ. ಹಿಂದೆ ಇಷ್ಟು ಜಾಗದಲ್ಲಿ ಐದಾರು ಹಂಚಿನ ಮನೆ, ಮನೆಗೊಂದು ಬಾವಿ, ನಡುವೆ ತೆಂಗು. ಎಫ್‌ಎಆರ್ (ಜಾಗದ ಎಷ್ಟು ಪಟ್ಟು ಕಟ್ಟಬಹುದೆಂಬ ಅನುಪಾತ) 2.5 ಎಂದು ಹಿಡಿದರೆ ಅದೇ ಜಾಗದಲ್ಲಿ 1,200 ಚದರ ಅಡಿಯ 45 ಫ್ಲ್ಯಾಟ್ ಏಳುತ್ತವೆ. ಮನೆಗೆ ನಾಲ್ಕು ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದರೆ ಒಟ್ಟು 24,300 ಲೀಟರ್, ಅಂದರೆ 6,000 ಲೀಟರಿನ ನಾಲ್ಕು ಟ್ಯಾಂಕರ್. ಇದು ಒಂದು ಕಟ್ಟಡದ ಒಂದು ದಿನದ ಲೆಕ್ಕ. ಪಕ್ಕದ ಮಂಗಳೂರಿಗೆ ನೀರು ಕೊಡುವ ತುಂಬೆ ಕಿಂಡಿ ಅಣೆಕಟ್ಟೆಯಲ್ಲೇ ಮಟ್ಟ ಇಳಿದು 2019 ಮತ್ತು 2023ರ ಬೇಸಿಗೆಯಲ್ಲಿ ರೇಷನಿಂಗ್ ಮಾಡಬೇಕಾಯಿತು. ‘ನಳ್ಳಿ ನೀರು ಬರುತ್ತದೆ’ ಎಂಬ ಮಾತನ್ನು ಏಪ್ರಿಲ್, ಮೇ ತಿಂಗಳಿಗೆ ನಂಬುವಂತಿಲ್ಲ. ಉಳಿಯುವುದು ಬೋರ್‌ವೆಲ್ ಮತ್ತು ಟ್ಯಾಂಕರ್.

ಕಡಲಂಚಿನ ಹೊಯ್ಗೆಯಲ್ಲಿ (ಮರಳಿನಲ್ಲಿ) ಬೋರ್‌ವೆಲ್ ಹೊಡೆಯುವುದು ಘಟ್ಟದ ಮೇಲೆ ಹೊಡೆದ ಹಾಗಲ್ಲ. ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರ ಮಟ್ಟಕ್ಕಿಂತ ಮೇಲೆ 1 ಅಡಿ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರಿನ ಪದರ ಇರುತ್ತದೆ. ಪಂಪು ಹಾಕಿ ಮೇಲಿನ 1 ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪು ಅದರ 40 ಪಾಲು ಏರಿ ಬರಬಹುದು. ಅದಕ್ಕೇ ಕೊಡದಲ್ಲಿ ಸೇದುತ್ತಿದ್ದಾಗ ಸಿಹಿಯಾಗಿದ್ದ ಬಾವಿ, ಪಕ್ಕದಲ್ಲಿ 5 ಎಚ್‌ಪಿ ಮೋಟಾರು ಓಡತೊಡಗಿದ ಮೇಲೆ ಸವಳಾಗುತ್ತದೆ. ಹೀಗೆ ಕೆಟ್ಟ ಬಾವಿ ಒಂದು ಮಳೆಗಾಲದಲ್ಲಿ ಸರಿಹೋಗುತ್ತದೆ ಎಂಬ ಭರವಸೆ ಇಲ್ಲ. ಫ್ಲ್ಯಾಟಿನವರು ಟ್ಯಾಂಕರ್ ತರಿಸಿಕೊಳ್ಳುತ್ತಾರೆ. ಪಕ್ಕದ ಹಂಚಿನ ಮನೆಯವರಿಗೆ ಇರುವುದು ಅದೊಂದೇ ಬಾವಿ. ಊರವರ ಸಿಟ್ಟಿನ ಮೂಲ ಇದು, ಮತ್ತು ಈ ಸಿಟ್ಟು ನ್ಯಾಯವಾದದ್ದು.

ಕೊಳ್ಳುವವರು ಇದನ್ನು ತಾವೇ ಪರೀಕ್ಷಿಸಬಹುದು. ಕೆಲವು ನೂರು ರೂಪಾಯಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಅಳೆಯುವ ಮೀಟರ್ ಸಿಗುತ್ತದೆ. ಮೇ ನಡುವಿನಲ್ಲಿ, ಮಳೆ ಹಿಡಿಯುವ ಮೊದಲು ಹೋಗಿ. ಅಡುಗೆಮನೆಯ ನಲ್ಲಿಯಲ್ಲಿ ನೋಡಿ ಪ್ರಯೋಜನವಿಲ್ಲ, ಅಲ್ಲಿ ಬರುವುದು ಟ್ಯಾಂಕರ್ ನೀರೂ ಬೆರೆತ ನೀರು. ಸಾಫ್ಟನರಿಗೆ ಹೋಗುವ ಮೊದಲು ಬೋರ್‌ವೆಲ್ ಪೈಪಿನಿಂದಲೇ ಹಿಡಿಸಿಕೊಳ್ಳಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಒಪ್ಪುವ ಟಿಡಿಎಸ್ ಮಟ್ಟ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 2,000 ತನಕ. ಕ್ಲೋರೈಡಿಗೆ ಈ ಮಿತಿಗಳು 250 ಮತ್ತು 1,000. ಡಿಸೆಂಬರಿನಲ್ಲಿ ಬಂದ ಅಂಕಿ ಮೇ ತಿಂಗಳಲ್ಲಿ ಬಹಳ ಏರಿದ್ದರೆ ಉಪ್ಪು ಒಳಬರುತ್ತಿರಬಹುದು ಎಂದು ತಿಳಿಯಿರಿ. ಕೊಳಚೆ ಸೇರಿದೆಯೇ ಎಂಬುದು ಮೀಟರಿಗೆ ಗೊತ್ತಾಗದು, ಅದಕ್ಕೆ ಲ್ಯಾಬಿಗೇ ಕಳಿಸಬೇಕು.

ಮಳೆನೀರು ಇಳಿಸಿದ್ದರೆ ಈ ಹೊಡೆತ ತಗ್ಗುತ್ತದೆ. 700 ಚದರ ಮೀಟರ್ ತಾರಸಿ, ವರ್ಷಕ್ಕೆ 3,500 ಮಿ.ಮೀ. ಮಳೆ ಎಂದರೆ 24.5 ಲಕ್ಷ ಲೀಟರ್, ಆ 45 ಫ್ಲ್ಯಾಟಿನ ನೂರು ದಿನದ ನೀರು. ಇಷ್ಟನ್ನು ಟ್ಯಾಂಕಿಯಲ್ಲಿ ಹಿಡಿಯಲಾಗದು, ಆದರೆ ಜಲ್ಲಿ, ಇದ್ದಿಲು, ಹೊಯ್ಗೆ ತುಂಬಿದ ಸೋಸುಗುಂಡಿಯ ಮೂಲಕ ತೆರೆದ ಬಾವಿಗೆ ಇಳಿಸಬಹುದು. ನಕ್ಷೆಯಲ್ಲಿ ಇಂಗುಗುಂಡಿ ಇದ್ದರೆ ಸಾಲದು. ತಾರಸಿಯ ಪೈಪು ಗುಂಡಿಗೆ ಹೋಗುತ್ತದೋ ರಸ್ತೆ ಚರಂಡಿಗೋ ಎಂದು ಬಗ್ಗಿ ನೋಡಿ.

ಬಳಸಿದ ನೀರಿನ ಕತೆ ಇನ್ನೂ ಕಷ್ಟದ್ದು. 24,300 ಲೀಟರ್ ಒಳಬಂದರೆ ಸುಮಾರು 20,000 ಲೀಟರ್ ಕೊಳಚೆಯಾಗಿ ಹೊರಬೀಳುತ್ತದೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದೆ ಎಂದು ತೋರಿಸುತ್ತಾರೆ. ಬ್ಲೋವರ್ ನಿಂತು ಗಾಳಿ ಹೋಗದಿದ್ದರೆ ಒಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ನೀರು ಕಪ್ಪಾಗಿ ನಾರುತ್ತದೆ. ಕರೆಂಟು ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸಿದರೆ ಆಗುವುದು ಇದೇ. ಬ್ಲೋವರ್‌ಗೆ ಪ್ರತ್ಯೇಕ ಮೀಟರ್ ಇದೆಯೇ, ದಿನದ ಲಾಗ್ ಪುಸ್ತಕ ಇದೆಯೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಶುದ್ಧೀಕರಿಸಿದ ನೀರು ಮಳೆಗಾಲದಲ್ಲಿ ಎಲ್ಲಿಗೆ ಹೋಗುತ್ತದೆ? ಬೆಂಗಳೂರಿನ ಹಾಗೆ ಗಿಡಕ್ಕೆ ಬಿಡುತ್ತೇವೆ ಎನ್ನುವ ಉತ್ತರ ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ನಡೆಯದು. ಫ್ಲಷ್‌ಗೆ ಬೇರೆ ಪೈಪ್‌ಲೈನ್ ಇಲ್ಲದಿದ್ದರೆ ಆ ನೀರಿಗೆ ಇರುವ ದಾರಿ ಪಕ್ಕದ ತೋಡು.

ಆ ತೋಡಿಗೆ ಈಗಾಗಲೇ ಹೊರೆ ಜಾಸ್ತಿ. ಅದೇ 50 ಸೆಂಟ್ಸ್ ಮೇಲೆ ಒಂದು ದಿನ 100 ಮಿ.ಮೀ. ಮಳೆ ಸುರಿದರೆ (ಜುಲೈಯಲ್ಲಿ ಇದೇನೂ ಅಪರೂಪವಲ್ಲ) 2 ಲಕ್ಷ ಲೀಟರ್ ನೀರು. ಮೊದಲು ಹೊಯ್ಗೆ ಕುಡಿಯುತ್ತಿತ್ತು. ಈಗ ಸ್ಲ್ಯಾಬ್ ಮತ್ತು ಇಂಟರ್‌ಲಾಕ್ ಮೇಲಿಂದ ಹೆಚ್ಚುಕಡಿಮೆ ಎಲ್ಲವೂ ಚರಂಡಿಗೆ. ಅಮಾವಾಸ್ಯೆ, ಹುಣ್ಣಿಮೆಯ ಭರತದ (ಕಡಲ ಉಬ್ಬರದ) ಹೊತ್ತಿನಲ್ಲಿ ಹೊಳೆಯ ಮಟ್ಟವೇ ಏರಿರುತ್ತದೆ, ತೋಡಿನ ನೀರು ಇಳಿಯದೆ ಹಿಂದಕ್ಕೆ ಒತ್ತುತ್ತದೆ. ಬೈಲಿಗೆ (ತಗ್ಗಿನ ಗದ್ದೆ ಜಾಗಕ್ಕೆ) ಮಣ್ಣು ತುಂಬಿ ಕಟ್ಟಡ ಎತ್ತರಿಸಿದ್ದರೆ ಆ ನೀರು ನಿಲ್ಲುವುದು ತಗ್ಗಿನಲ್ಲಿ ಉಳಿದ ಹಳೆ ಮನೆಗಳ ಅಂಗಳದಲ್ಲಿ.

ನೆಲಮಾಳಿಗೆ ಪಾರ್ಕಿಂಗ್ ಇರುವ ಯೋಜನೆಗೆ ಪಕ್ಕದ ಮನೆಯವರು ಇನ್ನೂ ಎಚ್ಚರ ಇರಬೇಕು. ನೆಲಮಾಳಿಗೆಗೆ ಅಗೆದ ಗುಂಡಿ ಒಣಗಿರಲು ಹಗಲುರಾತ್ರಿ ಪಂಪು ಓಡಿಸುತ್ತಾರೆ. ನೀರಿನ ಜೊತೆ ನುಣ್ಣನೆಯ ಹೊಯ್ಗೆಯೂ ಜಾರಿ ಪಕ್ಕದ ಮನೆಯ ಪಂಚಾಂಗ (ಅಡಿಪಾಯ) ಕುಸಿಯಬಹುದು. ಕೆಂಪುಕಲ್ಲಿನ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಬಿರುಕು ಏಳುವುದು ಇದರ ಗುರುತು. ಅಗೆತ ಶುರುವಾಗುವ ಮೊದಲೇ ಗೋಡೆಗಳ ಫೋಟೊ ದಿನಾಂಕ ಸಹಿತ ತೆಗೆದಿಡಿ, ಬಾವಿಯ ನೀರಿನ ಮಟ್ಟ ಬರೆದಿಡಿ. ಬಿರುಕು ಇದ್ದರೆ ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಕಡೆ ಸಿಮೆಂಟಿನಿಂದ ಕೂರಿಸಿ. ಗೋಡೆ ಮತ್ತೆ ಅಲುಗಿದರೆ ಗಾಜು ಒಡೆಯುತ್ತದೆ, ‘ಹಳೆಯ ಬಿರುಕು’ ಎಂಬ ವಾದ ಆಗ ನಿಲ್ಲುವುದಿಲ್ಲ.

ಕಟ್ಟಡದ ಬಾಳಿಕೆ ತೀರ್ಮಾನವಾಗುವುದು ಕಬ್ಬಿಣದ ಮೇಲೆ. ಕಡಲ ವಾತಾವರಣಕ್ಕೆ ತೆರೆದುಕೊಂಡ ಆರ್‌ಸಿಸಿಗೆ ಐಎಸ್ 456 (ಕಾಂಕ್ರೀಟ್ ಕಟ್ಟಡದ ಭಾರತೀಯ ಮಾನಕ) ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು ಮತ್ತು ಕಂಬಿಯ ಮೇಲೆ 45 ಮಿ.ಮೀ. ಕವರ್ (ಕಂಬಿ ಮುಚ್ಚುವ ಕಾಂಕ್ರೀಟಿನ ದಪ್ಪ) ಕೇಳುತ್ತದೆ, ಅಲೆಯ ಸಿಂಪಡಿಕೆ ತಾಗುವಲ್ಲಿ ಎಂ35 ಮತ್ತು 50 ಮಿ.ಮೀ. ಸೈಟಿನಲ್ಲಿ 20, 25 ಮಿ.ಮೀ. ಕವರ್ ಬ್ಲಾಕ್ ಇಟ್ಟು ಎರಕ ಹಾಕಿದರೆ ಉಪ್ಪು ಬೇಗ ಕಂಬಿ ಮುಟ್ಟುತ್ತದೆ. ಅದೇ ಬಿಲ್ಡರ್ ಆರೇಳು ವರ್ಷದ ಹಿಂದೆ ಕಟ್ಟಿದ್ದೊಂದನ್ನು ಹುಡುಕಿ, ಪಶ್ಚಿಮದ ಬಾಲ್ಕನಿಯ ತಳ ನೋಡಿ. ಅಂಚಿಗುಂಟ ಕಂದು ಗೆರೆ, ಅದರ ಪಕ್ಕ ಉಬ್ಬಿದ ಪ್ಲಾಸ್ಟರ್ ಕಂಡರೆ ಒಳಗೆ ಕಂಬಿ ಹಿಗ್ಗುತ್ತಿದೆ, ಬಣ್ಣ ಹೊಡೆದರೆ ಅದು ನಿಲ್ಲುವುದಿಲ್ಲ. ಚಜ್ಜಾ ಇಲ್ಲದ ಪಶ್ಚಿಮದ ಸ್ಲೈಡಿಂಗ್ ಕಿಟಕಿಯೂ ಬೇಡ. ಗಾಳಿಮಳೆಗೆ ಕೆಳಗಿನ ಟ್ರ್ಯಾಕ್ ತುಂಬಿ ನೀರು ಹಾಲಿಗೇ ಬರುತ್ತದೆ.

ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವಿಷಯದಲ್ಲಿ ‘ಪರವಾನಗಿ ಇದೆ’ ಎಂಬ ಮಾತಿಗೆ ಒಪ್ಪಬೇಡಿ. ಕೊಚ್ಚಿಯ ಮರಡಿನ ನಾಲ್ಕು ವಸತಿ ಸಮುಚ್ಚಯಗಳಿಗೂ ಸ್ಥಳೀಯ ಪಂಚಾಯಿತಿಯ ಪರವಾನಗಿ ಇತ್ತು. 2019ರ ಮೇ 8ರ ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿ 11, 12ರಂದು ಅವುಗಳನ್ನು ಸ್ಫೋಟಿಸಿ ಕೆಡವಿದರು. ಕಡಲಿನ ಭರತರೇಖೆಯಿಂದ 500 ಮೀಟರ್ ತನಕ, ಹಾಗೂ ಭರತ ಏರುವ ಹೊಳೆಯ ದಂಡೆಯಲ್ಲೂ ನಿಯಮ ಅನ್ವಯಿಸುತ್ತದೆ. ನೇತ್ರಾವತಿ ಅಳಿವೆಯ ಕಡೆಯ ಜಾಗ ಕೊಳ್ಳುವವರು ಈ ಎರಡನೆಯದನ್ನು ಮರೆಯುತ್ತಾರೆ. ಸರ್ವೆ ನಂಬರನ್ನು ಸಿಆರ್‌ಝಡ್ ನಕ್ಷೆಯ ಮೇಲೆ ಗುರುತಿಸಿ ಬರಹದಲ್ಲಿ ಕೊಡಲು ಕೇಳಿ. ಕಡಲ್ಕೊರೆತವೂ ದೂರದ ಮಾತಲ್ಲ, ಉಚ್ಚಿಲ ಬಟ್ಟಪ್ಪಾಡಿಯಲ್ಲಿ ರಸ್ತೆಯೇ ಕಡಲು ಪಾಲಾಗಿದೆ.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ, ಕಾರ್ಪೆಟ್ ಏರಿಯಾ (ಫ್ಲ್ಯಾಟಿನೊಳಗೆ ನಿಜವಾಗಿ ಬಳಸಲು ಸಿಗುವ ಜಾಗ) ನೋಡುವುದು ಎಲ್ಲರಿಗೂ ಗೊತ್ತು. ನೋಂದಾಯಿತ ಕರಾರು ಆಗುವ ಮೊದಲು ಶೇ. 10ಕ್ಕಿಂತ ಹೆಚ್ಚು ಕೊಡಬೇಡಿ. ರಚನೆಯ ದೋಷಕ್ಕೆ ಸ್ವಾಧೀನದಿಂದ 5 ವರ್ಷ ಬಿಲ್ಡರ್ ಹೊಣೆ, ತುಕ್ಕಿನ ಫೋಟೊ ಅಷ್ಟರೊಳಗೆ ತೆಗೆದಿಡಿ.

ಕೊಳ್ಳಲೇಬೇಕೆಂದಿದ್ದರೆ ಕಡಲಿಗಿಂತ ಪೂರ್ವಕ್ಕೆ, ಕೆಂಪುಕಲ್ಲಿನ ಎತ್ತರದ ಜಾಗದಲ್ಲಿ, ನೆಲಮಾಳಿಗೆ ಇಲ್ಲದ ಮೂರು ನಾಲ್ಕು ಮಹಡಿಯ, ತನ್ನದೇ ತೆರೆದ ಬಾವಿ ಮತ್ತು ಇಂಗುಗುಂಡಿ ಇರುವ ಕಟ್ಟಡ ಹುಡುಕಿ. ಹೊಯ್ಗೆಯ ಮೇಲಿನ ಹತ್ತು ಮಹಡಿಗೆ ಈಗಿನ ನೀರಿನ ಸ್ಥಿತಿಯಲ್ಲಿ ಶಿಫಾರಸು ಇಲ್ಲ. ಮುಂಗಡ ಕೊಡುವ ಮೊದಲು ಪಕ್ಕದ ಎರಡು ಮನೆಗಳ ಬಾವಿಕಟ್ಟೆಗೆ ಹೋಗಿ, ಕಳೆದ ಮೇ ತಿಂಗಳಲ್ಲಿ ನೀರು ಹೇಗಿತ್ತೆಂದು ಆ ಮನೆಯವರನ್ನೇ ಕೇಳಿ.