ಅಡುಗೆಮನೆಗೆ ಹೊಳೆಯುವ ಕಪ್ಪು ಟೈಲ್ಸ್ ಹಾಕಿಸುವ ಮುಂಚೆ ಇದನ್ನು ಓದಿ

ಹಾಸನದ ಕಡೆ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಬೋರ್ ನೀರು ಬಳಸುವವರು, ದಯವಿಟ್ಟು ಒಂದು ನಿಮಿಷ ಕೊಡಿ. ಒಲೆ ಹಿಂದಿನ ಗೋಡೆಗೆ, ಅಂದರೆ ಕಟ್ಟೆಯಿಂದ ಮೇಲಿನ ಕಬೋರ್ಡ್‌ವರೆಗಿನ 2 ಅಡಿ ಜಾಗಕ್ಕೆ, ನಾವು ಹೊಳಪಿನ ಕಪ್ಪು ಟೈಲ್ಸ್ ಹಾಕಿಸಿದೆವು. ಎರಡು ವರ್ಷದಿಂದ ಒರೆಸಿ ಒರೆಸಿ ಸಾಕಾಗಿದೆ.

ಅಂಗಡಿಯಲ್ಲಿ ಕನ್ನಡಿ ತರ ಮಿನುಗುತ್ತಿತ್ತು. ಅಲ್ಲಿ ಒಗ್ಗರಣೆ ಸಿಡಿಯಲ್ಲ, ನೀರು ಚಿಮ್ಮಲ್ಲ, ತಲೆ ಮೇಲೆ ಸಾಲಾಗಿ ಲೈಟು ಬೇರೆ. ಡಿಸೈನ್ ಮಾಡಿದವರು "ಕಪ್ಪು ಅಲ್ವಾ ಸಾರ್, ಕೊಳೆ ಕಾಣಲ್ಲ" ಅಂದರು, ನಾನು ನಂಬಿದೆ. ಇದು ಪೂರ್ತಿ ತಪ್ಪು. ಅಮ್ಮ ಅಕ್ಕಿ ರೊಟ್ಟಿ ತಟ್ಟಿದ ದಿನ ಹಾರಿದ ಹಿಟ್ಟು, ಎಣ್ಣೆ ಜಿಡ್ಡು, ಸ್ವಿಚ್ ಪಕ್ಕದ ಬೆರಳಿನ ಗುರುತು, ಎಲ್ಲಾ ಕಪ್ಪಿನ ಮೇಲೆ ಎದ್ದು ಕಾಣುತ್ತದೆ.

ನೀರಿನದ್ದಂತೂ ಹೇಳಲೇಬೇಕು. ನಮ್ಮ ಬೋರ್ ನೀರು ಗಡಸು. ಸಿಂಕ್ ಹಿಂದೆ ಚಿಮ್ಮಿದ ಹನಿ ಒಣಗುತ್ತದೆ, ಅದರಲ್ಲಿದ್ದ ಸುಣ್ಣದ ಅಂಶ ಅಲ್ಲೇ ಉಳಿಯುತ್ತದೆ. ಪ್ರತಿ ಹನಿಗೂ ಒಂದು ಸಣ್ಣ ಬಿಳಿ ಬಳೆ, ಅಂಚು ದಪ್ಪ, ನಡುವೆ ತೆಳ್ಳಗೆ ಪೊರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಉದ್ದುದ್ದ ಗೆರೆ ಬೀಳುತ್ತದೆ, ತಕ್ಷಣ ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಬೇಕು. ಪಾತ್ರೆ ತೊಳೆದಾಗಲೆಲ್ಲ ಇದೇ ಕೆಲಸ.

ಕಲೆ ಹೋಗುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಬಾತ್‌ರೂಮ್ ತೊಳೆಯುವ ಆಸಿಡ್ ಸವರಿದೆ. ಟೈಲ್ಸ್‌ಗೆ ಏನೂ ಆಗಲಿಲ್ಲ, ಆದರೆ ಸಂದಿಗೆ ತುಂಬಿದ್ದ ಕಪ್ಪು ಗ್ರೌಟ್ ಸಿಮೆಂಟಿನದು, ಆಸಿಡ್ ಸಿಮೆಂಟನ್ನು ತಿನ್ನುತ್ತದೆ, ಅದು ಬೂದಿ ಬಣ್ಣಕ್ಕೆ ತಿರುಗಿ ಪುಡಿಪುಡಿಯಾಗಿ ಉದುರಿತು. ಈ ಕೆಲಸ ಮಾತ್ರ ಯಾರೂ ಮಾಡಬೇಡಿ. ಆಮೇಲೆ ಮೇಸ್ತ್ರಿ ಕರೆಸಿ, ಸಂದಿ ಕೆರೆಸಿ, ಸಿಮೆಂಟ್ ಬದಲು ರೆಸಿನ್‌ನಿಂದ ಮಾಡಿದ ಎಪಾಕ್ಸಿ ಗ್ರೌಟ್ ತುಂಬಿಸಿದ್ದಾಯಿತು.

ಬೆಳಕಿನ ವಿಷಯ ಮಳೆಗಾಲದಲ್ಲಿ ಗೊತ್ತಾಯಿತು. ಜೂನ್‌ನಲ್ಲಿ ಮೋಡ ಕವಿದರೆ ನಮ್ಮ ಅಡುಗೆಮನೆಯಲ್ಲಿ ಹಗಲು ಹನ್ನೊಂದಕ್ಕೂ ಲೈಟ್ ಹಾಕಬೇಕು. ಟೈಲ್ಸ್ ಆರಿಸುವಾಗಲೇ ಅಮ್ಮ "ಒಲೆ ಮುಂದೆ ಕತ್ತಲೆ ಆಗಲ್ವೇನೋ ಮಗಾ?" ಅಂತ ಕೇಳಿದ್ದರು. ದಿನಾ ಅಲ್ಲಿ ನಿಲ್ಲುವವರು ಅವರು, ನಾನು ಕೇಳಬೇಕಿತ್ತು. ಕಬೋರ್ಡ್ ಕೆಳಗೆ ಎಲ್‌ಇಡಿ ಪಟ್ಟಿ ಹಾಕಿಸಿದೆ, ಅದರ ಒಂದೊಂದು ಚುಕ್ಕಿಯೂ ಟೈಲ್ಸ್‌ನಲ್ಲಿ ಪ್ರತಿಫಲಿಸಿ ಅಮ್ಮನ ಕಣ್ಣಿಗೆ ಹೊಡೆಯುತ್ತದೆ.

ಟೈಲ್ಸ್ ಬದಲು ಕಪ್ಪು ಗಾಜು ಹಾಕಿಸೋಣ ಅಂತಿರುವವರಿಗೂ ನೀರಿನ ಕಲೆ ತಪ್ಪಲ್ಲ. ಜೊತೆಗೆ ಒಲೆ ಹಿಂದೆ ಟಫನ್ಡ್ ಗಾಜೇ (ಬಿಸಿ ತಡೆಯುವಂತೆ ಗಟ್ಟಿ ಮಾಡಿದ ಗಾಜು) ಬೇಕು, ಅದನ್ನು ಆಮೇಲೆ ಕೊರೆಯಲು ಆಗಲ್ಲ, ಪ್ಲಗ್ ಪಾಯಿಂಟ್ ಎಲ್ಲಿ ಅಂತ ಮೊದಲೇ ಅಳತೆ ಕೊಡಬೇಕು.

ಕಪ್ಪೇ ಬೇಕು ಅಂದರೆ ಅಂಗಡಿಯಿಂದ ಒಂದೇ ಒಂದು ಟೈಲ್ಸ್ ಮನೆಗೆ ತನ್ನಿ. ನಿಮ್ಮ ನಲ್ಲಿ ನೀರು ಚಿಮುಕಿಸಿ, ನಾಲ್ಕು ಹನಿ ಎಣ್ಣೆ ಸಿಡಿಸಿ, ರಾತ್ರಿಯಿಡೀ ಒಲೆ ಪಕ್ಕ ನಿಲ್ಲಿಸಿ, ಬೆಳಿಗ್ಗೆ ಲೈಟ್ ಹಾಕದೆ ನೋಡಿ. ಈಗಾಗಲೇ ತಂದಿಟ್ಟಿದ್ದರೆ ಬಾಕ್ಸ್ ಒಡೆಯಬೇಡಿ, ವಾಪಸ್ ತಗೋತಾರಾ ಅಂತ ಇವತ್ತೇ ಅಂಗಡಿಗೆ ಫೋನ್ ಮಾಡಿ ಕೇಳಿ.