ಹೆಡ್‌ಲೈಟ್ ರಿಲೇ ಕಿಟ್, ಎರಡು ವರ್ಷದ ಬಳಿಕ: ಬೆಳಕಿಗೆ ಪೂರ್ತಿ ಅಂಕ, ಫ್ಯೂಸಿಗೆ ಸೊನ್ನೆ

ಬಲ್ಬ್ ಕಾರಿನ ಜೊತೆ ಬಂದದ್ದೇ, 60/55 ವಾಟಿನ ಎಚ್4 (ಹೈ ಬೀಮಿಗೆ 60, ಲೋ ಬೀಮಿಗೆ 55). ಬದಲಾದದ್ದು ವೈರಿಂಗ್ ಮಾತ್ರ: ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ರಿಲೇ ಎಂಬ ಸ್ವಿಚ್ ನಡುವೆ ಸೇರಿದೆ. ಆದರೂ ರಾತ್ರಿ ರಸ್ತೆ ಬೇರೆಯೇ ಕಾಣುತ್ತದೆ. ಸ್ವಿಚ್ ಸುತ್ತಿ ಬರುವ ಸಣ್ಣ ವೈರಿನಲ್ಲಿ ವೋಲ್ಟೇಜ್ 13.5ರಿಂದ 12ಕ್ಕೆ ಇಳಿದರೆ ಸಾಕು, ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು ಮೂರನೇ ಒಂದು ಪಾಲು ಹೋಗುತ್ತದೆ. ಕಿಟ್ ಹಾಕಿದ ಮೇಲೆ ಬಲ್ಬಿಗೆ ಬ್ಯಾಟರಿಯಿಂದಲೇ ಕರೆಂಟು. ಮೊದಲು ಬಲ್ಬಿಗೆ ಸಿಕ್ಕಿಸಿದ್ದ ಹಳೆಯ ಕಪ್ಲರಿಗೆ ಈಗ ರಿಲೇಯನ್ನು ಆನ್ ಮಾಡುವ ಕೆಲಸವಷ್ಟೇ. ಕಾರಿನ ಒಂದು ವೈರನ್ನೂ ಕತ್ತರಿಸಬೇಕಿಲ್ಲ.

ಸಿಟ್ಟು ಬರುವುದು ಫ್ಯೂಸ್ ನೋಡಿದಾಗ. ಕೊಟ್ಟಿರುವುದು 30 ಆಂಪಿನದು, ಅದೂ ರಿಲೇ ಪಕ್ಕದಲ್ಲಿ. ಬ್ಯಾಟರಿಯಿಂದ ಅಲ್ಲಿವರೆಗೆ ಹೆಚ್ಚುಕಡಿಮೆ ಒಂದು ಮೊಳ ಕೆಂಪು ವೈರಿಗೆ ಯಾವ ಕಾವಲೂ ಇಲ್ಲ. ಅದು ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದರೆ ಫ್ಯೂಸ್ ಹಾರುವುದಿಲ್ಲ, ವೈರೇ ಕೆಂಡವಾಗುತ್ತದೆ. ಸುಟ್ಟ ಕಾರಿನಲ್ಲೂ ಶಾರ್ಟ್ ಆದ ಜಾಗದ ತಾಮ್ರ ಕರಗಿ ಮಣಿಯಂತೆ ಉಳಿದಿರುತ್ತದೆ. ಅದು ಹೊರಗಿನಿಂದ ಹಾಕಿಸಿದ ವೈರಿನಲ್ಲಿ ಸಿಕ್ಕಿ, ಇನ್ಶೂರೆನ್ಸ್ ಪಾಲಿಸಿಯಲ್ಲಿ ಅದರ ಸುದ್ದಿಯೇ ಇಲ್ಲದಿದ್ದರೆ ಕ್ಲೇಮಿಗೆ ತಕರಾರು ಶುರು.

ರಿಪೇರಿ ಅರ್ಧ ಗಂಟೆಯ ಕೆಲಸ. ಎರಡೂ ಹೈ ಬೀಮ್ ಸೇರಿ 120 ವಾಟ್, ಅಂದರೆ ಸುಮಾರು 9 ಆಂಪ್. 15 ಆಂಪಿನ ಬ್ಲೇಡ್ ಫ್ಯೂಸನ್ನು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಕೂರಿಸಿ, ವೈರಿಗೆ ಉದ್ದಕ್ಕೂ ಸುರುಳಿ ಕೊಳವೆ ತೊಡಿಸಿ, ಗೇಣಿಗೊಂದು ಕೇಬಲ್ ಟೈ ಬಿಗಿಯಿರಿ. ಇನ್ಸುಲೇಷನ್ ಟೇಪ್ ನಂಬಬೇಡಿ, ಇಂಜಿನ್ ಬಿಸಿಗೆ ಅಂಟು ಜಾರುತ್ತದೆ. ಪೆಟ್ಟಿಗೆಯ ಮೇಲೆ 100/90 ವಾಟ್ ಬಲ್ಬೂ ನಡೆಯುತ್ತದೆ ಎಂದು ಬರೆದಿದ್ದಾರೆ. ವೈರ್ ತಡೆದೀತು, ಆ ಬಿಸಿಯನ್ನು ಲ್ಯಾಂಪಿನೊಳಗಿನ ರಿಫ್ಲೆಕ್ಟರ್ ತಡೆಯಲಾರದು. ಎಷ್ಟೋ ಕಡೆ ಆ ಬಲ್ಬ್ ರಸ್ತೆಗೇ ನಿಷಿದ್ಧ. ಕ್ಲೇಮ್ ನಿರಾಕರಿಸಲು ನೆಪವನ್ನು ನಾವೇ ಕೈಗಿಟ್ಟಂತೆ.

ಇನ್ಶೂರೆನ್ಸ್‌ನವರಿಗೆ ಹಾಕಿಸುವ ಮೊದಲೇ ಬರೆಯಿರಿ: ಭಾಗದ ಹೆಸರು, ಬಿಲ್ಲು, ಕಾರಿನ ಮೂಲ ವೈರ್ ಕತ್ತರಿಸಿಲ್ಲ ಎಂಬ ಒಂದು ಸಾಲು. ಹಾಕಿಸಿದ ಮೇಲೆ ಫೋಟೊ. ಫೋನಿನಲ್ಲಿ "ಪರವಾಗಿಲ್ಲ ಸರ್" ಅಂದದ್ದು ಲೆಕ್ಕಕ್ಕಿಲ್ಲ, ಎಂಡಾರ್ಸ್‌ಮೆಂಟ್, ಅಂದರೆ ಮಾರ್ಪಾಡನ್ನು ಪಾಲಿಸಿಗೆ ಸೇರಿಸಿದ ಕಾಗದ, ಕೈಗೆ ಬರಬೇಕು. ಅದರಲ್ಲೂ ಒಂದು ಸೂಕ್ಷ್ಮ ಇದೆ. ಮಾರ್ಪಾಡು ಒಪ್ಪಿಕೊಂಡರೆ ಕಿಟ್ಟಿನ ಬೆಲೆಯೂ ಸಿಗುತ್ತದೆ ಎಂದಲ್ಲ. ಅದಕ್ಕೆ ಆ್ಯಕ್ಸೆಸರಿ ಪಟ್ಟಿಯಲ್ಲಿ ಬೆಲೆ ಸಮೇತ ಸೇರಿರಬೇಕು. ಇಷ್ಟು ಅಗ್ಗದ ಕಿಟ್ಟಿಗೆ ಪ್ರೀಮಿಯಂ ಏರುವುದಾದರೆ ಬೆಲೆ ಬಿಡಿ, ಒಪ್ಪಿಗೆ ಬಿಡಬೇಡಿ.

ಇಷ್ಟು ಬೈದರೂ ಕಿಟ್ ಬಿಚ್ಚುವ ಮನಸ್ಸು ಬರುವುದಿಲ್ಲ. ದೂರದ ರಾತ್ರಿ ಓಟ ಮುಗಿದಾಗ ಲೈಟ್ ಆರಿಸಿ, ಬಾನೆಟ್ ಎತ್ತಿ, ಫ್ಯೂಸ್ ಹೋಲ್ಡರನ್ನೂ ರಿಲೇಯನ್ನೂ ಒಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಟರ್ಮಿನಲ್ ಸಡಿಲವಾಗಿರಬಹುದು, ಹಾಗಿದ್ದರೆ ಅದನ್ನು ಬದಲಿಸಿ. ಬಲ್ಬಿನ ಹಿಂದಿನ ರಬ್ಬರ್ ಟೋಪಿ ಹೊಸ ಹೋಲ್ಡರಿನ ಮೇಲೆ ಪೂರ್ತಿ ಕೂರಿಸುವುದು ಕಷ್ಟ, ಹಾಗೆಂದು ಬಿಟ್ಟರೆ ಮಳೆನೀರು ಲ್ಯಾಂಪಿನೊಳಗೆ ಸೇರುತ್ತದೆ. ಕಂಪನಿ ಬದಲಿಸಿ ಪಾಲಿಸಿ ಮಾಡಿಸುವಾಗ ಹಳೆಯ ಎಂಡಾರ್ಸ್‌ಮೆಂಟ್ ಜೊತೆಗೆ ಬರುವುದಿಲ್ಲ. "ಮಾರ್ಪಾಡು ಇದೆಯೇ" ಎಂಬ ಪ್ರಶ್ನೆಗೆ ಮತ್ತೆ ಹೌದು ಎಂದೇ ಗುರುತು ಹಾಕಬೇಕು.