ರೀಶಿ ಅಣಬೆ, ಒಂದು ವರ್ಷ ಬಳಸಿದ ಮೇಲೆ: ಹೋಳು ಆಗಬಹುದು, ಪುಡಿ ಬೇಡ

ರೀಶಿ ಎಂದರೆ ಕಷಾಯಕ್ಕೆ ಬಳಸುವ, ಗ್ಯಾನೋಡರ್ಮಾ ಕುಲದ ಗಟ್ಟಿ ಅಣಬೆ; ಒಣ ಹೋಳಾಗಿಯೂ ಪುಡಿಯಾಗಿಯೂ ಸಿಗುತ್ತದೆ. ಅದಕ್ಕೆ ಕಹಿ ಇರಲೇಬೇಕು. ನೆಲಬೇವಿಗೆ ಹತ್ತಿರದ ಕಹಿ, ನಾಲಗೆಯ ಬುಡದಲ್ಲಿ ಬಹಳ ಹೊತ್ತು ನಿಲ್ಲುವಂಥದ್ದು. ಅದು ಬರುವುದು ಅಣಬೆಯಲ್ಲೇ ಇರುವ ಗ್ಯಾನೋಡೆರಿಕ್ ಆಮ್ಲಗಳಿಂದ. ಡಬ್ಬಿಯಲ್ಲಿ ಬಂದ ಪುಡಿಯಾದರೋ ಮಾಲ್ಟಿನ ಹಾಗೆ ಸಪ್ಪೆ ಸಿಹಿ. ಅನುಮಾನ ಶುರುವಾದದ್ದೇ ಅಲ್ಲಿ.

ಪರೀಕ್ಷೆ ಸುಲಭ. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಎರಡು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಡಿ. ಬಿಸಿಯಲ್ಲೇ ಬಿಟ್ಟರೆ ಬಣ್ಣ ಕೂರುವುದಿಲ್ಲ. ಹೋಳಿನ ಕಷಾಯ ಕಂದಾಗಿಯೇ ಉಳಿಯಿತು, ಡಬ್ಬಿ ಪುಡಿ ಶಾಯಿಯಂತೆ ಕಪ್ಪುನೀಲಿಯಾಯಿತು. ಅಂದರೆ ಪಿಷ್ಟ. ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆಗಳನ್ನು ಧಾನ್ಯದ ಸಮೇತ ಒಣಗಿಸಿ ಬೀಸಿದರೆ ಹೀಗಾಗುತ್ತದೆ. ‘ಪಾಲಿಸ್ಯಾಕರೈಡ್ (ಸಕ್ಕರೆಯ ಕಣಗಳು ಸರಪಳಿಯಾಗಿ ಸೇರಿದ ವಸ್ತು) 40%’ ಎಂಬ ಲೇಬಲ್ ಸುಳ್ಳೇನಲ್ಲ, ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ! ನೋಡಬೇಕಾದ್ದು ಎರಡು: ‘ಫ್ರೂಟಿಂಗ್ ಬಾಡಿ’ (ಎಳೆಗಳಲ್ಲ, ಬೆಳೆದ ಅಣಬೆಯೇ) ಎಂದಿದೆಯೇ, ಅಣಬೆಯದೇ ಪಾಲಿಸ್ಯಾಕರೈಡ್ ಆದ ಬೀಟಾ ಗ್ಲುಕಾನ್ ಎಷ್ಟೆಂದು ಬೇರೆಯಾಗಿ ಬರೆದಿದ್ದಾರೆಯೇ. ಅಯೋಡಿನ್ನಿಗೂ ಮಿತಿ ಇದೆ. ಪಿಷ್ಟವನ್ನು ಒಡೆದು ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿದ್ದರೆ ನೀಲಿ ಬಾರದೆಯೂ ಇರಬಹುದು. ಮಳೆಗಾಲದಲ್ಲಿ ಅಂಥ ಪುಡಿ ಬೇಗ ಗಂಟು ಕಟ್ಟುತ್ತದೆ.

ಹೋಳಿನ ವಿಷಯ ಬೇರೆ. ಬೂಚಿನಷ್ಟು ಗಟ್ಟಿ, ಅಂಚಿನಲ್ಲಿ ಮೆರುಗೆಣ್ಣೆ ಹಚ್ಚಿದಂಥ ಕೆಂಪು. ಮಿಕ್ಸಿಗೆ ಹಾಕಬೇಡಿ, ಪುಡಿಯಾಗದೆ ಹತ್ತಿಯಂತೆ ಉಬ್ಬಿ ಜಾರ್ ತುಂಬುತ್ತದೆ. ಹಸಿಯಾಗಿ ನುಂಗಿದರೂ ಪ್ರಯೋಜನ ಕಡಿಮೆ. ಬೀಟಾ ಗ್ಲುಕಾನ್ ಇರುವುದು ಕೋಶದ ಗೋಡೆಯಲ್ಲಿ, ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತುವಿನ ಜೊತೆ ಹೆಣೆದುಕೊಂಡು. ಅದನ್ನು ಬಿಡಿಸಲು ಬಿಸಿನೀರೇ ಬೇಕು. ಐದು ಗ್ರಾಂ ಹೋಳು, ಒಂದು ಲೀಟರ್ ನೀರು, ಸಣ್ಣ ಉರಿ, ಅರ್ಧಕ್ಕೆ ಇಳಿಯುವವರೆಗೆ ಸುಮಾರು ಎರಡು ಗಂಟೆ. ಮೊದಲು ಒದ್ದೆ ಮರದ ವಾಸನೆ, ಆಮೇಲೆ ಕೆಂಪು ಕಂದು ಬಣ್ಣ. ಶುಂಠಿ ಜಜ್ಜಿ ಹಾಕುವುದು ಕೊನೆಯ ಹತ್ತು ನಿಮಿಷಕ್ಕೆ, ಬೆಲ್ಲ ಇಳಿಸಿದ ಮೇಲೆ. ಅದೇ ಹೋಳು ಮರುದಿನ ಇನ್ನೊಮ್ಮೆ ಕುದಿಯುತ್ತದೆ, ಅಲ್ಲಿಯವರೆಗೆ ಫ್ರಿಜ್ಜಿನಲ್ಲಿ. ಈ ಎರಡನೆಯ ಕುದಿಯ ತಿಳಿ ಕಷಾಯವೇ ಕುಡಿಯಲು ಹಿತ. ಗ್ಯಾಸ್ ಖರ್ಚು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಹೋಳು ಇಟ್ಟ ಡಬ್ಬಿಯ ತಳದಲ್ಲಿ ಕಂದು ಹಿಟ್ಟು, ಹೋಳಿನಲ್ಲಿ ಸೂಜಿರಂಧ್ರ ಕಂಡರೆ ಹುಳ ಬಿದ್ದಿದೆ. ಎಸೆಯುವುದೇ ಸರಿ.

ಇನ್ನು ಗುಣ. ‘ಇಮ್ಯುನಿಟಿ’ ಎಂದು ಮಾರುವವರಷ್ಟು ಧೈರ್ಯದಿಂದ ಹೇಳಲಾಗದು. ಮಧುಮೇಹಿಗಳ ಹೃದ್ರೋಗದ ಅಪಾಯ ತಗ್ಗಿಸಲು ರೀಶಿ ನೆರವಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದಿತು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಾಮರ್ಶೆ. ಕ್ಯಾನ್ಸರಿಗೆ ಇದನ್ನೇ ಮುಖ್ಯ ಚಿಕಿತ್ಸೆಯಾಗಿ ಕೊಡಲು ಪುರಾವೆ ಸಾಲದು ಎಂಬುದು ಅದೇ ಸಂಸ್ಥೆಯ ಇನ್ನೊಂದು ಪರಾಮರ್ಶೆಯ ತೀರ್ಮಾನ. ಜಪಾನಿನಲ್ಲಿ ಶಿಟಾಕೆ ಎಂಬ ಅಡುಗೆ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ ಗ್ಲುಕಾನ್ ಜಠರದ ಕ್ಯಾನ್ಸರಿಗೆ ಕೀಮೋ ಜೊತೆ ಬಳಕೆಯಾದದ್ದು ನಿಜ, ಆದರೆ ಅದು ಶುದ್ಧೀಕರಿಸಿದ ಇಂಜೆಕ್ಷನ್, ಲೋಟದ ಕಷಾಯವಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ನಿಗೆ ದಿನ ಗೊತ್ತಾದವರು ಡಾಕ್ಟರಿಗೆ ಹೇಳದೆ ಇದನ್ನು ಮುಟ್ಟಬಾರದು.

ಅಡಿಕೆ ತೋಟದವರಿಗೊಂದು ಮಾತು. ಅಣಬೆ ರೋಗ ಬಂದ ಮರದ ಬುಡದಲ್ಲಿ ಏಳುವುದೂ ರೀಶಿಯ ಗ್ಯಾನೋಡರ್ಮಾ ಕುಲದ್ದೇ. ಹಾಗೆಂದು ಕಿತ್ತು ಕುದಿಸಬೇಡಿ: ಜಾತಿ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು, ಬುಡಕ್ಕೆ ಸುರಿದ ಶಿಲೀಂಧ್ರನಾಶಕವೂ ಅದರಲ್ಲಿರಬಹುದು.

ರೀಶಿ ಹೋಳುಗಳಿಗೆ ಐದಕ್ಕೆ ಮೂರೂವರೆ ಅಂಕ, ಅದೂ ಸಂಜೆಯ ಬಿಸಿ ಲೋಟದ ಸುಖಕ್ಕೆ. ಪುಡಿಗೆ ಒಂದು. ಬಜೆಟ್ ಬಿಗಿಯಿದ್ದರೆ ಒಣ ಶಿಟಾಕೆ ತಂದು, ನೆನೆಸಿ, ಚೆನ್ನಾಗಿ ಬೇಯಿಸಿ ಸಾರಿಗೆ ಹಾಕಿ. ಅರೆಬೆಂದರೆ ಕೆಲವರಿಗೆ ಮೈಮೇಲೆ ಚಾಟಿಯಲ್ಲಿ ಹೊಡೆದಂಥ ಕೆಂಪು ಗೆರೆ ಏಳುತ್ತವೆ.